ಚಿಟ್ಟೆ ತೋಟದ ಕಿಟ್: ಹೂವುಂಟು, ಹುಳಕ್ಕೆ ಸೊಪ್ಪಿಲ್ಲ

ಆನ್‌ಲೈನ್‌ನಲ್ಲಿ ‘ಬಟರ್‌ಫ್ಲೈ ಗಾರ್ಡನ್ ಕಿಟ್’ ಎಂದು ಮಾರುವ ಪೆಟ್ಟಿಗೆಗಳಲ್ಲಿ ಹೆಚ್ಚುಕಡಿಮೆ ಇರುವುದು ಇಷ್ಟೇ: ಹೂವಿನ ಬೀಜದ ಪೊಟ್ಟಣ, ಸಕ್ಕರೆ ನೀರು ತುಂಬುವ ಪ್ಲಾಸ್ಟಿಕ್ ಹೂವು, ಉದ್ದುದ್ದ ಸೀಳುಗಳ ಮರದ ‘ಚಿಟ್ಟೆ ಮನೆ’, ಕೆಲವದರಲ್ಲಿ ಬಲೆಯ ಪಂಜರ. ಬಾಲ್ಕನಿ ಚೆಂದ ಕಂಡರೆ ಸಾಕು ಅನ್ನುವವರು ಕೊಳ್ಳಬಹುದು. ಚಿಟ್ಟೆಗಳು ಹೆಚ್ಚಬೇಕು ಅನ್ನುವವರು ಅದೇ ದುಡ್ಡು ಹಿಡಿದುಕೊಂಡು ನರ್ಸರಿಗೆ ಹೋಗುವುದು ವಾಸಿ. 5ಕ್ಕೆ 2 ಅಂಕ, ಅದೂ ಬೀಜ ಮತ್ತು ಬಲೆಗಾಗಿ.

ಬೀಜದಲ್ಲಿ ಝೀನಿಯಾ, ಕಾಸ್ಮಾಸ್, ಚೆಂಡುಹೂವು ಇರುತ್ತವೆ. ಕಾಲಿಂಚು ಆಳಕ್ಕೆ ಊರಿ, ದಿನಕ್ಕೆ ಐದಾರು ಗಂಟೆ ಬಿಸಿಲು ಸಿಕ್ಕರೆ ಸುಮಾರು ಎರಡು ತಿಂಗಳಿಗೆ ಹೂವು. ಒಂದು ಸುತ್ತಿನ ಎಸಳಿನ ತಳಿಯೇ ಇರಲಿ. ಎಸಳು ಒತ್ತಿಕೊಂಡ ಮುದ್ದೆ ಹೂವಿನಲ್ಲಿ ಮಕರಂದವೂ ಕಡಿಮೆ, ಚಿಟ್ಟೆಗೆ ನಳಿಕೆ ಇಳಿಸುವುದೂ ಕಷ್ಟ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಈ ಗಿಡಗಳ ಎಲೆಯನ್ನು ನಮ್ಮ ತೋಟಕ್ಕೆ ಬರುವ ಚಿಟ್ಟೆಗಳ ಹುಳಗಳು ಸಾಮಾನ್ಯವಾಗಿ ತಿನ್ನುವುದಿಲ್ಲ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕಾಲೂರಿ, ಕಾಲಿನಿಂದಲೇ ರುಚಿ ನೋಡಿ, ತನ್ನ ಮರಿಗೆ ಆಗುವ ಗಿಡವೆಂದು ಗೊತ್ತಾದರಷ್ಟೇ ಮೊಟ್ಟೆ ಇಡುತ್ತದೆ. ಬರೀ ಹೂವಿರುವ ತೋಟಕ್ಕೆ ಬರುವ ಚಿಟ್ಟೆ ಕಾಫಿ ಕುಡಿದು ಎದ್ದು ಹೋಗುವ ನೆಂಟನಿದ್ದಂತೆ. ಚಿಟ್ಟೆ ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣ: ಎಕ್ಕ, ಈಶ್ವರಿ ಬಳ್ಳಿಯಂಥವನ್ನು ಕಳೆಯೆಂದು ಕಿತ್ತು ಲಾನ್ ಹಾಕಿದ್ದೇವೆ.

ಕಿಟ್‌ನಲ್ಲಿ ಇರಬೇಕಾಗಿದ್ದದ್ದು ಆತಿಥೇಯ ಗಿಡಗಳು, ಅಂದರೆ ಹುಳಗಳು ಎಲೆ ತಿಂದು ಬೆಳೆಯುವ ಗಿಡಗಳು. ಎಲ್ಲಕ್ಕಿಂತ ಸುಲಭ ಕರಿಬೇವು. ಹನ್ನೆರಡಿಂಚಿನ ಕುಂಡ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆ ಗೊಬ್ಬರ, ಒಂದು ಪಾಲು ಮರಳು. ಲೈಮ್ ಬಟರ್‌ಫ್ಲೈ, ಕಾಮನ್ ಮಾರ್ಮನ್ ಎರಡೂ ಚಿಟ್ಟೆಗಳು ಚಿಗುರಿನ ಮೇಲೆ ಒಂದೊಂದೇ ತಿಳಿಹಳದಿ ಮೊಟ್ಟೆ ಇಡುತ್ತವೆ. ಮೊದಮೊದಲು ಹುಳ ಹಕ್ಕಿ ಹಿಕ್ಕೆಯ ಹಾಗೆ ಕಾಣುವುದರಿಂದ ಎಷ್ಟೋ ಮಂದಿ ಒರೆಸಿ ಎಸೆದುಬಿಡುತ್ತಾರೆ. ಆಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಘಾಟು ಬಿಡುತ್ತದೆ. ಹೆದರುವಂಥದ್ದೇನಿಲ್ಲ, ಕಚ್ಚುವುದಿಲ್ಲ. ಕೊನೆಯ ಹಂತದಲ್ಲಿ ತಿನ್ನುವುದು ವಿಪರೀತ. ಒಂದೂವರೆ ಅಡಿ ಗಿಡ ಎರಡು ಮೂರು ಹುಳಕ್ಕೆ ಸಾಕಾಗಬಹುದು, ಅದಕ್ಕಿಂತ ಹೆಚ್ಚಾದರೆ ಉಪವಾಸ ಬೀಳುತ್ತವೆ. ಒಗ್ಗರಣೆಗೆ ಒಂದು ಗಿಡ ಬಲೆ ಮುಚ್ಚಿ, ಹುಳಕ್ಕೆ ಇನ್ನೆರಡು ಇಡಿ.

ಎಕ್ಕ ಅಥವಾ ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಇದ್ದರೆ ಪ್ಲೇನ್ ಟೈಗರ್ ಚಿಟ್ಟೆ ಬರುತ್ತದೆ. ಗಿಡದ ಹಾಲು ಕಣ್ಣಿಗೆ ತಾಗಬಾರದು, ಕೈಗವಸು ಹಾಕಿಯೇ ಕತ್ತರಿಸಿ. ಕಾಂಡಕ್ಕೆ ಹಳದಿ ಹೇನು ಮುತ್ತಿದರೆ ನೀರಿನ ಜೋರು ಧಾರೆ ಸಾಕು. ಔಷಧಿ ಹೊಡೆದರೆ ಹೇನಿನ ಜೊತೆ ಹುಳವೂ ಹೋಗುತ್ತದೆ. ಬೇವಿನ ಎಣ್ಣೆಯೂ ಬೇಡ.

ಈಶ್ವರಿ ಬಳ್ಳಿ ಕ್ರಿಮ್ಸನ್ ರೋಸ್ ಚಿಟ್ಟೆಗೂ, ಮಲೆನಾಡಿನ ಕಡೆಯಾದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಬೇಕು. ಕೊಳ್ಳುವಾಗ ಹುಷಾರು. ಬಾತುಕೋಳಿಯಾಕಾರದ ದೊಡ್ಡ ಹೂವು ಬಿಡುವ, ಅಲಂಕಾರಕ್ಕೆಂದು ತಂದ ವಿದೇಶಿ ಅರಿಸ್ಟೊಲೋಕಿಯಾಗಳನ್ನೂ (ಈಶ್ವರಿ ಬಳ್ಳಿಯದೇ ಕುಲದ ಬಳ್ಳಿಗಳು) ಅದೇ ಹೆಸರಿನಲ್ಲಿ ಮಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಇಂಥದೊಂದು ಅಲಂಕಾರಿಕ ಬಳ್ಳಿಯ ಮೇಲೆ ಮೊಟ್ಟೆ ಇಟ್ಟು, ಎಲೆ ತಿಂದ ಮರಿಗಳು ಸಾಯುತ್ತವೆ. ನಾಟಿ ಬಳ್ಳಿಯನ್ನೇ ಕೇಳಿ ಪಡೆಯಿರಿ. ನಿಧಾನವಾಗಿ ಬೆಳೆಯುವ ಬಳ್ಳಿ, ಹುಳಗಳು ಬೋಳು ಮಾಡಿದರೂ ಬುಡದಿಂದ ಚಿಗುರುತ್ತದೆ. ಅದಕ್ಕೇ ಒಂದಲ್ಲ, ಮೂರು ನೆಡಬೇಕು.

ನರ್ಸರಿ ಗಿಡದ ದೊಡ್ಡ ತಾಪತ್ರಯ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ. ಇದು ಎಲೆಯ ಮೇಲೆ ಉಳಿಯುವುದಲ್ಲ, ಗಿಡದ ರಸಕ್ಕೇ ಸೇರುವುದು. ತೊಳೆದರೆ ಹೋಗದು, ತಿಂಗಳುಗಟ್ಟಲೆ ಇರುತ್ತದೆ. ಏನು ಹೊಡೆದಿದ್ದಾರೆಂದು ಕೇಳಿ. ಒಂದೂ ತೂತಿಲ್ಲದೆ ಫಳಫಳ ಹೊಳೆಯುವ ಗಿಡಕ್ಕಿಂತ ಅಲ್ಲಲ್ಲಿ ಕಚ್ಚಿದ ಗುರುತಿರುವ ಗಿಡವೇ ಮೇಲು. ಅದಕ್ಕಿಂತಲೂ ಮೇಲು ನೆರೆಮನೆಯ ಕರಿಬೇವಿನ ಬುಡದ ಮರಿ, ಮಿಲ್ಕ್‌ವೀಡ್‌ನ ಒಂದು ತುಂಡು ಕಾಂಡ. ಎರಡೂ ಸಲೀಸಾಗಿ ಬೇರು ಬಿಡುತ್ತವೆ, ಪುಕ್ಕಟೆ ಬೇರೆ.

ಮರದ ಮನೆಗೆ ಜೇಡ, ಇರುವೆ, ಕಣಜ ಬರುತ್ತವೆ. ಚಿಟ್ಟೆ ಬರುವುದು ತೀರಾ ಅಪರೂಪ. ಪ್ಲಾಸ್ಟಿಕ್ ಹೂವಿನ ಸಕ್ಕರೆ ನೀರು ಬಿಸಿಲಿಗೆ ಹುಳಿಯುತ್ತದೆ, ಇರುವೆ ಸಾಲು ಕಟ್ಟುತ್ತದೆ. ಬದಲಿಗೆ ಕಳಿತ ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ನೀರಿನ ಬಟ್ಟಲಿನ ನಡುವೆ ಇಡಿ. ಬ್ಯಾರನ್, ಈವ್ನಿಂಗ್ ಬ್ರೌನ್‌ನಂಥ ಹಣ್ಣು ಹೀರುವ ಚಿಟ್ಟೆಗಳಿಗೆ ಅದೇ ಊಟ. ಪಂಜರ ಕೊಳ್ಳುವುದಾದರೆ ಒಳಗೋಡೆ ನುಣುಪಾಗಿರದೆ ಬಲೆಯದ್ದಾಗಿರಲಿ. ಕೋಶದಿಂದ ಹೊರಬಂದ ಚಿಟ್ಟೆಗೆ ಹಿಡಿದು ನೇತಾಡಲು ಜಾಗವಿಲ್ಲದಿದ್ದರೆ ರೆಕ್ಕೆ ಮುದುಡಿದಂತೆಯೇ ಒಣಗಿ, ಮತ್ತೆ ಹಾರಲಾರದು.

ಕಿಟ್‌ನಲ್ಲಿ ಇಲ್ಲದ, ಖರ್ಚೂ ಇಲ್ಲದ ಇನ್ನೊಂದು: ಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆಗೆ ಮರಳು, ಸ್ವಲ್ಪ ತೋಟದ ಮಣ್ಣು, ಚಿಟಿಕೆ ಉಪ್ಪು. ಮರಳು ಒದ್ದೆಯಾಗಿದ್ದರೆ ಸಾಕು, ನೀರು ನಿಂತರೆ ಸೊಳ್ಳೆ. ಉಪ್ಪಿನಂಶ ಹೀರಲು ಬರುವುದು ಹೆಚ್ಚಾಗಿ ಗಂಡುಗಳು, ಬಿಸಿಲೇರಿದ ಮೇಲೆ.