ಟ್ರಿಗರ್ ಮುಟ್ಟದೆ ಹಾರಿದ ಈಡು: ಅಗ್ಗದ ಆಮದು ಕೋವಿ ಕೊಳ್ಳುವ ಮುಂಚೆ ಓದಿ

ಹೊರದೇಶದಿಂದ ಬರುವ ಕಡಿಮೆ ಬೆಲೆಯ ಜೋಡು ನಳಿಗೆ ಕೋವಿ ಕೊಳ್ಳಬೇಕು ಅಂತಿರುವವರು, ಈಗಾಗಲೇ ಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಇದೆ, ಗೊತ್ತು. ನಾನು ಸೇಫ್ಟಿ ಹಾಕಿ, ಬೆರಳನ್ನು ಟ್ರಿಗರ್‌ನಿಂದ ಪೂರ್ತಿ ಹೊರಗೆ ತೆಗೆದು, ಕೋವಿಯನ್ನು ಕೆಳಗಿಳಿಸುತ್ತಿದ್ದಾಗ ಅದು ತಾನಾಗಿ ಹಾರಿತು. ಚರೆ ನನ್ನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ನೆಲಕ್ಕೆ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಅದಕ್ಕೆ ಮುಂಚೆ ಕೋವಿ ನನಗೆ ಎಷ್ಟೋ ಸಲ ಸೂಚನೆ ಕೊಟ್ಟಿತ್ತು, ನಾನು ಬೇರೆಯವರ ಮಾತು ಕೇಳಿ ಸುಮ್ಮನಿದ್ದೆ ಅನ್ನುವುದೇ ನನಗೆ ಈಗಲೂ ಚುಚ್ಚುವುದು.

ತಯಾರಕರ ಹೆಸರನ್ನೋ ಮಾರಿದವರ ಹೆಸರನ್ನೋ ಇಲ್ಲಿ ಹಾಕುವುದಿಲ್ಲ. ಹಾಕಿದರೂ ನಿಮಗೆ ಅಷ್ಟು ಉಪಯೋಗ ಇಲ್ಲ. ಈ ಬೆಲೆಯ ಕೋವಿಗಳಲ್ಲಿ ಒಂದೇ ಕಾರ್ಖಾನೆಯ ಮಾಲು ಬೇರೆ ಬೇರೆ ಆಮದುದಾರರ ಕೈಗೆ ಹೋಗಿ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವುದು ಮಾಮೂಲು. ಇವತ್ತು ಒಂದು ಹೆಸರು, ಎರಡು ವರ್ಷ ಬಿಟ್ಟು ಇನ್ನೊಂದು. ದೇಶದ ಹೆಸರು ನೋಡಿ ತೀರ್ಮಾನ ಮಾಡಲೂಬೇಡಿ. ಟರ್ಕಿಯಿಂದ ಬಂದ ಕಡಿಮೆ ಬೆಲೆಯ ಕೋವಿಯಲ್ಲಿ ಸಾವಿರಾರು ಈಡು ತೊಂದರೆ ಇಲ್ಲದೆ ಹೊಡೆದವರು ನನಗೇ ಗೊತ್ತು. ತೊಂದರೆ ಇರುವುದು ಎಲ್ಲಿ ಅಂದರೆ, ಒಂದೇ ಮಾಡೆಲ್‌ನ ಎರಡು ಕೋವಿ ಪಕ್ಕಪಕ್ಕ ಇಟ್ಟರೆ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಇರುವುದಿಲ್ಲ. ದುಬಾರಿ ಕೋವಿಯಲ್ಲಿ ಒಬ್ಬ ಕೆಲಸಗಾರ ಕೂತು ಒಳಗಿನ ಒಂದೊಂದು ಭಾಗವನ್ನೂ ಕೂರಿಸಿ, ಉಜ್ಜಿ, ಪರೀಕ್ಷೆ ಮಾಡುವ ಸಮಯಕ್ಕೆ ನೀವು ದುಡ್ಡು ಕೊಟ್ಟಿರುತ್ತೀರಿ. ಅಗ್ಗದ ಕೋವಿಯಲ್ಲಿ ಉಳಿಸುವುದು ಆ ಸಮಯವನ್ನೇ. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ನನ್ನದು 12 ಬೋರ್. ಮೇಲೊಂದು ಕೆಳಗೊಂದು ನಳಿಗೆ, ತೋಟಾ ಕೂರುವ ಚೇಂಬರ್ 76 ಮಿ.ಮೀ., ಒಂದೇ ಟ್ರಿಗರ್, ಖಾಲಿ ತೋಟಾ ತಾನಾಗಿ ಆಚೆ ಎಸೆಯುವ ಇಜೆಕ್ಟರ್, ಜೊತೆಗೆ ಐದು ಚೋಕ್ (ಚರೆ ಹರಡುವುದನ್ನು ಹಿಡಿತದಲ್ಲಿಡಲು ನಳಿಗೆಯ ತುದಿಗೆ ಹಾಕುವ ಕೊಳವೆ) ಇರುವ ಪೆಟ್ಟಿಗೆ. ಮರದ ಹಿಡಿ ನೋಡಲು ತುಂಬಾ ಚೆಂದ ಇತ್ತು, ಅದರ ಗೆರೆಗಳನ್ನೇ ನೋಡುತ್ತಾ ಕೂತಿದ್ದೆ. ಹಾರುವ ಮಣ್ಣಿನ ತಟ್ಟೆಗಳಿಗೆ ಗುರಿ ಅಭ್ಯಾಸ ಮಾಡಲು ತಗೊಂಡದ್ದು. 24 ಗ್ರಾಂ ಚರೆಯ ಹಗುರ ತೋಟಾ ಬಿಟ್ಟು ಬೇರೆ ಹಾಕಿದವನೇ ಅಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಮಾರಿದವರು ಕೇಳಿದ ಮೊದಲ ಪ್ರಶ್ನೆಯೇ "ಜಾಸ್ತಿ ಪವರ್‌ನ ತೋಟಾ ಹಾಕಿದ್ರಾ ಸರ್?" ಅಂತ.

ಮೊದಲ ದಿನವೇ ತೋಟಾ ಹಾಕಲು ಕೋವಿ ಮಡಚುವುದು ಬಿಗಿ. ತೊಡೆಗೆ ಒತ್ತಿ ಬಗ್ಗಿಸಬೇಕಿತ್ತು. ಹೊಸ ಕೋವಿಗೆ ಅದು ಸಹಜ, ಒಪ್ಪುತ್ತೇನೆ. ಆದರೆ ಕೆಳಗಿನ ನಳಿಗೆಯಲ್ಲಿ ಐದಾರು ಈಡಿಗೆ ಒಂದು ಹಾರುತ್ತಿರಲಿಲ್ಲ. ತೋಟಾ ತೆಗೆದು ನೋಡಿದರೆ ಪ್ರೈಮರ್ (ತೋಟಾದ ಹಿಂಬದಿಯಲ್ಲಿ ಮದ್ದು ಹೊತ್ತಿಸುವ ಸಣ್ಣ ಬಟ್ಟಲು) ಮೇಲೆ ಅದಕ್ಕೆ ಬಡಿಯುವ ಪಿನ್ನಿನ ಗುರುತು ತೆಳ್ಳಗೆ, ಅದೂ ಮಧ್ಯದಲ್ಲಲ್ಲ, ಒಂದು ಪಕ್ಕಕ್ಕೆ. ಅದೇ ತೋಟಾವನ್ನು ಗೆಳೆಯನ ಕೋವಿಯಲ್ಲಿ ಹಾಕಿದರೆ ಹಾರುತ್ತಿತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಡು ಹಾರದಿದ್ದರೆ ತಕ್ಷಣ ಕೋವಿ ಮಡಚಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಕನಿಷ್ಠ 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದು ಇದೆ. ಸದ್ದು ಮಂಕಾಗಿ ಬಂದರೆ ನಳಿಗೆಯೊಳಗೆ ಏನಾದರೂ ಸಿಕ್ಕಿಕೊಂಡಿದೆಯಾ ಅಂತ ನೋಡದೆ ಇನ್ನೊಂದು ತೋಟಾ ಹಾಕಲೇಬೇಡಿ.

ಮಾರಿದವರಿಗೆ ಫೋನ್ ಮಾಡಿದೆ. "ಹೊಸದು ಸರ್, ಇನ್ನೂ ಪಳಗಬೇಕು. ಒಂದು 200 ಈಡು ಹೊಡೀರಿ, ಎಲ್ಲ ಸರಿ ಹೋಗುತ್ತೆ" ಅಂದರು. ರೇಂಜಿನಲ್ಲಿ ಇಬ್ಬರು ಮೂವರು ಅನುಭವ ಇದ್ದವರೂ ಇದನ್ನೇ ಹೇಳಿದರು.

ಈ ಪಳಗುವ ಮಾತೇ ನನ್ನನ್ನು ಕೆಡಿಸಿದ್ದು. ಮಡಚುವ ಬಿಗಿ ಪಳಗುತ್ತದೆ, ನಿಜ. ಚೇಂಬರ್ ಒರಟಾಗಿದ್ದರೆ ಸ್ವಲ್ಪ ನಯವಾಗಬಹುದು. ಗ್ಯಾಸ್‌ನಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ ಕೋವಿಗಳು ಮೊದಲು ಹಗುರ ತೋಟಾದಲ್ಲಿ ತಡವರಿಸಿ, ಸ್ವಲ್ಪ ಭಾರದ ತೋಟಾ ಒಂದಷ್ಟು ಹೊಡೆದ ಮೇಲೆ ಸಲೀಸಾಗಿ ನಡೆಯುವುದೂ ಇದೆ. ಆದರೆ ಪಿನ್ನು ಪಕ್ಕಕ್ಕೆ ಬಡಿಯುವುದು ಹೇಗೆ ಪಳಗುತ್ತದೆ? ಅದು ತೂತು ಕೊರೆದಾಗಲೇ ಆದ ತಪ್ಪು. ಉಕ್ಕು ಉಕ್ಕಿಗೆ ತಿಕ್ಕಿದಾಗ ಆಗುವುದು ಸವೆತ ಒಂದೇ. ಬಿಗಿ ಇರುವ ಜಾಗ ಸವೆದರೆ ನಿಮಗೆ ಅನುಕೂಲ, ಹಿಡಿದಿಡಬೇಕಾದ ಜಾಗ ಸವೆದರೆ ಅಪಾಯ. ನನ್ನ ಕೋವಿಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿತ್ತು. ನಾನು ಮೊದಲನೆಯದನ್ನು ಮಾತ್ರ ನೋಡಿ ಖುಷಿಪಡುತ್ತಿದ್ದೆ.

ನಡುವೆ ಇನ್ನೊಂದು ವಿಷಯ. ತಟ್ಟೆಗಳು ತಪ್ಪುತ್ತಿದ್ದವು, ಅದೂ ಎರಡನೇ ಈಡಿಗೇ ಜಾಸ್ತಿ. ದೊಡ್ಡ ಹಾಳೆ ಕಟ್ಟಿ, 35 ಮೀಟರಿನಿಂದ, ಬಟ್ (ಭುಜಕ್ಕೆ ಒತ್ತುವ ಹಿಂಭಾಗ) ಕೆಳಗೆ ಆಸರೆ ಕೊಟ್ಟು, ಎರಡೂ ನಳಿಗೆಯಿಂದ ಒಂದೇ ಚುಕ್ಕೆಗೆ ಗುರಿ ಹಿಡಿದು ಹೊಡೆದೆ. ಮೇಲಿನ ನಳಿಗೆಯದ್ದು ಸುಮಾರು ಸರಿ. ಕೆಳಗಿನದರ ಚರೆ ಒಂದು ಮೊಳದಷ್ಟು ಕೆಳಗೆ, ಎಡಕ್ಕೆ ಬಿದ್ದಿತ್ತು. ಐದು ಸಲವೂ ಹಾಗೇ. ಎರಡು ನಳಿಗೆಗಳನ್ನು ಒಂದೇ ಕಡೆ ನೋಡುವಂತೆ ಬೆಸೆಯುವುದು ನಾಜೂಕಿನ ಕೆಲಸ, ಅದನ್ನು ಅವಸರದಲ್ಲಿ ಮಾಡಿದರೆ ಹೀಗಾಗುತ್ತದೆ. ಇದಕ್ಕೆ ರಿಪೇರಿ ಅಂತ ಹೆಚ್ಚೇನೂ ಇಲ್ಲ. ನಾನು ಎಷ್ಟೋ ವಾರ ನನ್ನ ನಿಲುವು ಸರಿ ಇಲ್ಲ, ಕಣ್ಣು ಸರಿ ಇಲ್ಲ ಅಂತ ತಿದ್ದಿಕೊಳ್ಳುತ್ತಿದ್ದೆ. ಹೊಸ ಕೋವಿ ತಂದ ವಾರದಲ್ಲೇ ಈ ಹಾಳೆಯ ಪರೀಕ್ಷೆ ಮಾಡಿ, ಒಂದು ಮಧ್ಯಾಹ್ನದ ಕೆಲಸ ಅಷ್ಟೇ.

ಸುಮಾರು 300 ಈಡು ಆದ ಮೇಲೆ ಮೊದಲ ಸಲ ಎರಡೂ ಒಟ್ಟಿಗೆ ಹಾರಿದವು. ಭುಜಕ್ಕೆ ಬಿದ್ದ ಏಟು ಹೇಗಿತ್ತು ಅಂದರೆ ನಾನು ಎರಡು ಹೆಜ್ಜೆ ಹಿಂದೆ ಹೋದೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಎರಡು ತೋಟಾ ಒಂದೇ ಕ್ಷಣಕ್ಕೆ ಹಾರಿದರೆ ಹಿಂದಕ್ಕೆ ಒದೆಯುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪಕ್ಕದಲ್ಲಿದ್ದವರು "ಬೆರಳು ಎರಡು ಸಲ ಒತ್ತಿದ್ದೀಯ, ಹೊಸಬರಿಗೆ ಆಗುತ್ತೆ" ಅಂದರು. ನಂಬಿದೆ. ಯಾಕೆಂದರೆ ಅದು ನಿಜವಾಗಿಯೂ ಆಗುವಂಥದ್ದೇ, ಒದೆತಕ್ಕೆ ಬೆರಳು ಸಡಿಲವಾಗಿ ಮತ್ತೆ ಒತ್ತಿಹೋಗುತ್ತದೆ. ಅದಾದ ಮೇಲೆ ಟ್ರಿಗರನ್ನು ಒತ್ತಿ ಹಾಗೇ ಹಿಂದಕ್ಕೆ ಹಿಡಿದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಮೂರು ವಾರದ ನಂತರ, ಒತ್ತಿ ಹಿಡಿದಿದ್ದಾಗಲೇ, ಮತ್ತೆ ಎರಡೂ ಹಾರಿದವು. ಆಗ ನನಗೆ ಅನುಮಾನ ಬಂತು. ಬಂದರೂ ಆ ದಿನ ಇನ್ನೂ ಹತ್ತು ತೋಟಾ ಹೊಡೆದು ಮನೆಗೆ ಬಂದೆ. ಅಲ್ಲೇ ನಿಲ್ಲಿಸಬೇಕಿತ್ತು.

ಮೂರನೆಯದು ಮುಂದಿನ ವಾರ. ಮೊದಲ ಈಡಿಗೇ ತಟ್ಟೆ ಒಡೆಯಿತು. ಎರಡನೇ ತೋಟಾ ಒಳಗೇ ಇತ್ತು. ಸೇಫ್ಟಿ ಹಾಕಿದೆ, ಬೆರಳು ತೆಗೆದೆ, ನಳಿಗೆ ಮೈದಾನದ ಕಡೆಗೇ ಇಟ್ಟು ಕೋವಿ ಇಳಿಸಿದೆ. ಬಟ್ಟಿನ ತುದಿ ಪಕ್ಕದ ಮರದ ಕಟಕಟೆಗೆ ಮೆಲ್ಲಗೆ ತಾಗಿತು. ಅಷ್ಟೇ. ಹಾರಿತು. ನನ್ನ ಹಿಂದೆ ಐದು ಜನ ನಿಂತಿದ್ದರು, ಒಬ್ಬರೂ ಮಾತಾಡಲಿಲ್ಲ. ನೆಲದ ಮಣ್ಣು ನನ್ನ ಪ್ಯಾಂಟಿನ ಮೇಲೆಲ್ಲ ಬಿದ್ದಿತ್ತು.

ಸೇಫ್ಟಿ ಹಾಕಿದ್ದರೂ ಹೇಗೆ ಹಾರಿತು ಅಂತ ಕೇಳುತ್ತೀರಿ ಅಲ್ವಾ? ಬಹಳ ಕೋವಿಗಳ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗೆ ಎತ್ತಿ ನಿಂತಿರುವ, ಪಿನ್ನಿಗೆ ಬಡಿಯುವ ಹ್ಯಾಮರನ್ನು ಹಿಡಿದುಕೊಂಡಿರುವುದು ಸಿಯರ್ ಅನ್ನುವ ಒಂದು ಸಣ್ಣ ಉಕ್ಕಿನ ಕೊಂಡಿ. ಆ ಕೊಂಡಿಯ ಹಲ್ಲು ಹ್ಯಾಮರಿನ ಕಚ್ಚಿನಲ್ಲಿ ಕೂತಿರುತ್ತದೆ. ಅದು ಜಾರಿದರೆ ಸೇಫ್ಟಿ ಏನೂ ಮಾಡಲಾರದು. ಹಾಗೆ ಜಾರಿದಾಗ ಹ್ಯಾಮರನ್ನು ತಡೆಯಲು ಇನ್ನೊಂದು ಕೊಂಡಿ ಇಡುವುದು ಉಂಟು. ನನ್ನದರಲ್ಲಿ ಅದು ಇರಲಿಲ್ಲ.

ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿದರು. ಎರಡೂ ನಳಿಗೆ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಸ್ನ್ಯಾಪ್ ಕ್ಯಾಪ್ ಅನ್ನುವ ಮದ್ದಿಲ್ಲದ ಡಮ್ಮಿ ತೋಟಾ ಎರಡನ್ನು ಹಾಕಿದರು. ಮುಚ್ಚಿ, ಸೇಫ್ಟಿ ಹಾಕಿ, ಬಟ್ಟಿನ ರಬ್ಬರ್ ಮೇಲೆ ಅಂಗೈಯಲ್ಲಿ ಬಡಿದರು. ಮೂರನೇ ಬಡಿತಕ್ಕೆ ಒಳಗೆ ಟಕ್ ಅಂತ ಸದ್ದು. ಕೆಳಗಿನ ಹ್ಯಾಮರ್ ಬಿದ್ದಿತ್ತು. ಮತ್ತೆ ಎತ್ತಿ ಟ್ರಿಗರ್ ಎಳೆತವನ್ನು ಸಣ್ಣ ತೂಕದ ಕೊಕ್ಕೆಯಲ್ಲಿ ಅಳೆದರು. ಮೇಲಿನ ನಳಿಗೆಗೆ 3 ಕಿಲೋ ಹತ್ತಿರ, ಕೆಳಗಿನದಕ್ಕೆ 1 ಕಿಲೋ ಕೂಡ ಇಲ್ಲ. "ನೋಡಪ್ಪಾ, ಹಗುರ ಇದೆ ಅಂತ ಖುಷಿಪಡಬಾರದು. ಹಲ್ಲು ಹಿಡಿದೇ ಇಲ್ಲ ಅಂತ ಅರ್ಥ" ಅಂದರು. ಬಿಚ್ಚಿದ ಮೇಲೆ ಹ್ಯಾಮರಿನ ಮೂಲೆಯಲ್ಲಿ ಅರ ಆಡಿಸಿ ತೋರಿಸಿದರು. ಗಟ್ಟಿ ಮಾಡಿದ ಉಕ್ಕಿನ ಮೇಲೆ ಅರ ಜಾರಬೇಕು. ಇಲ್ಲಿ ಮೆತ್ತಗೆ ಕಚ್ಚಿ ಪುಡಿ ಬಂತು. ಕಚ್ಚಿನ ಚೂಪಾದ ಅಂಚು ದುಂಡಗಾಗಿತ್ತು. ನಾನು "ಪಳಗಿಸಿದ" ಒಂದೊಂದು ಈಡೂ ಅದನ್ನು ಇನ್ನಷ್ಟು ದುಂಡಗೆ ಮಾಡಿತ್ತು.

ಆದರೆ ನಳಿಗೆಯ ಮೇಲೆ ಪ್ರೂಫ್ ಮುದ್ರೆ, ಅಂದರೆ ಜಾಸ್ತಿ ಒತ್ತಡದಲ್ಲಿ ಹಾರಿಸಿ ಪರೀಕ್ಷೆ ಮಾಡಿದ ಗುರುತು, ಇದೆಯಲ್ಲ ಅಂತ ನಾನು ಕೇಳಿದೆ. ಕೊಳ್ಳುವಾಗ ನನಗೆ ಧೈರ್ಯ ಕೊಟ್ಟಿದ್ದೇ ಆ ಮುದ್ರೆ. ಮುದ್ರೆ ಸುಳ್ಳಲ್ಲ. ಕೋವಿ ಪರೀಕ್ಷೆಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಸಿ.ಐ.ಪಿ.ಯ ನಿಯಮದಲ್ಲಿ 12 ಬೋರ್‌ನ ಸಾಮಾನ್ಯ ತೋಟಾಕ್ಕೆ 740 ಬಾರ್ ಒತ್ತಡದ ಮಿತಿ, ಕೋವಿಯನ್ನು 930 ಬಾರ್‌ನಲ್ಲಿ ಹಾರಿಸಿ ಪರೀಕ್ಷೆ ಮಾಡುತ್ತಾರೆ. ಜಾಸ್ತಿ ಶಕ್ತಿಯ ತೋಟಾಕ್ಕೆ ಮಿತಿ 1050 ಬಾರ್, ಪರೀಕ್ಷೆ ಅದಕ್ಕಿಂತಲೂ ಹೆಚ್ಚಿನ ಒತ್ತಡದಲ್ಲಿ. ಜೋರಿನ ಉಕ್ಕಿನ ಚರೆಗೆ ಆಗುತ್ತದೆ ಅಂತ ಹೂವಿನ ಆಕಾರದ ಇನ್ನೊಂದು ಗುರುತು ಇರುತ್ತದೆ. ಇದೆಲ್ಲ ಬೇಕೇಬೇಕು, ಮುದ್ರೆ ಇಲ್ಲದ ಕೋವಿಯನ್ನು ನಾನಂತೂ ಮುಟ್ಟುವುದಿಲ್ಲ. ಆದರೆ ಅದು ಹೇಳುವುದು ಆ ದಿನ ಆ ಒತ್ತಡವನ್ನು ನಳಿಗೆಯೂ, ಮುಚ್ಚಿದ ಕೋವಿಯನ್ನು ಹಿಡಿದಿಡುವ ಬೀಗವೂ ತಡೆದವು ಅಂತ. ಹ್ಯಾಮರಿನ ಉಕ್ಕು 400 ಈಡಿನ ನಂತರ ಹೇಗಿರುತ್ತದೆ ಅಂತ ಅದು ಹೇಳುವುದಿಲ್ಲ.

ಮಾರಿದವರ ಕಥೆ ಚಿಕ್ಕದು. ಮೊದಲು ತೋಟಾದ ಮೇಲೆ ಹಾಕಿದರು, ಆಮೇಲೆ ನನ್ನ ಬೆರಳಿನ ಮೇಲೆ, ಆಮೇಲೆ ಹೊರಗಿನವರು ಬಿಚ್ಚಿದ್ದರಿಂದ ವಾರಂಟಿ ಇಲ್ಲ ಅಂದರು. ಈ ಕೊನೆಯದು ನನ್ನ ತಪ್ಪು, ಅದರಿಂದ ಕಲಿಯಿರಿ. ಬಿಚ್ಚಿಸುವ ಮುಂಚೆ ಬರವಣಿಗೆಯಲ್ಲಿ ದೂರು ಕೊಡಿ, ಸ್ನ್ಯಾಪ್ ಕ್ಯಾಪ್ ಪರೀಕ್ಷೆಯ ವಿಡಿಯೋ ಇಟ್ಟುಕೊಳ್ಳಿ. ಬಿಡಿಭಾಗ ಕೇಳಿದರೆ ಆಮದುದಾರರು ಆ ಮಾಡೆಲ್ ತರಿಸುವುದನ್ನೇ ನಿಲ್ಲಿಸಿದ್ದಾರೆ ಅಂದರು. ಸಿಯರ್, ಹ್ಯಾಮರ್, ಪಿನ್ನು, ಸ್ಪ್ರಿಂಗ್ ಕಪಾಟಿನಲ್ಲಿ ಇದೆಯಾ ಅಂತ ಕೊಳ್ಳುವ ದಿನವೇ ಕೇಳಿ. "ತರಿಸಿಕೊಡ್ತೀವಿ" ಅಂದರೆ ಇಲ್ಲ ಅಂತಲೇ ತಿಳಿಯಿರಿ.

ಅಂಗಡಿಯಲ್ಲೇ ನೋಡಬಹುದಾದ ಇನ್ನೂ ಕೆಲವು ಇವೆ. ಮಡಚುವ ಲಿವರ್ ಹೊಸ ಕೋವಿಯಲ್ಲಿ ನಡುವಿನಿಂದ ಸ್ವಲ್ಪ ಬಲಕ್ಕೆ ನಿಲ್ಲಬೇಕು. ಬೀಗ ಸವೆದಂತೆ ಅದು ನಡುವಿಗೆ, ಆಮೇಲೆ ಎಡಕ್ಕೆ ಸರಿಯುತ್ತದೆ. ಹೊಸದರಲ್ಲೇ ನಡುವಿನಲ್ಲಿದ್ದರೆ ಬಿಟ್ಟುಬಿಡಿ. ಮುಂದಿನ ಮರ ತೆಗೆದು, ಮುಚ್ಚಿದ ನಳಿಗೆಯನ್ನು ಅಲುಗಾಡಿಸಿ, ಕುಲುಕಬಾರದು. ಚೋಕ್ ಹಾಕಿ ಚೇಂಬರಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ, ಒಳಗಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂತಿರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಚರೆ ಆ ಕಡೆ ಹೋಗುತ್ತದೆ. ಮುಖ್ಯವಾಗಿ, ಸ್ನ್ಯಾಪ್ ಕ್ಯಾಪ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಬಡಿದು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ನನ್ನ ಕೋವಿ ಈಗ ಬಿಚ್ಚಿದ ಸ್ಥಿತಿಯಲ್ಲೇ ಆ ಹಿರಿಯರ ಹತ್ತಿರ ಇದೆ. ಕೈಯಲ್ಲೇ ಹ್ಯಾಮರ್ ಮಾಡಿಸಬಹುದು, ಆದರೆ ಖರ್ಚು ಕೋವಿಯ ಬೆಲೆಯ ಹತ್ತಿರ ಹೋಗುತ್ತದೆ. ಬೇರೆಯವರಿಗೆ ಮಾರುವ ಮಾತೇ ಇಲ್ಲ.

ಅದೇ ಮಾಡೆಲ್ ಅನ್ನು ನನ್ನ ಜೊತೆಯಲ್ಲೇ ಕೊಂಡ ಗೆಳೆಯನೊಬ್ಬನಿದ್ದ. ಆ ಸಂಜೆಯೇ ಫೋನ್ ಮಾಡಿದೆ. "ನಂದು ಚೆನ್ನಾಗೇ ಇದೆ ಮಾರಾಯಾ, ಒಂದು ಈಡೂ ತಪ್ಪಿಲ್ಲ" ಅಂದ. ಫೋನ್ ಇಡಬೇಡ, ಈಗಲೇ ನೋಡು ಅಂದೆ. ಖಾಲಿ ಇದೆ ಅಂತ ಎರಡು ಸಲ ನೋಡಿಸಿ, ಸ್ನ್ಯಾಪ್ ಕ್ಯಾಪ್ ಹಾಕಿಸಿದೆ. ಅವನು ಬಡಿಯುವುದು ನನಗೆ ಕೇಳಿಸುತ್ತಿತ್ತು. ಐದು, ಆರು, ಏಳು. ಎಂಟನೆಯದಕ್ಕೆ ಟಕ್ ಅಂತು. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, ಭಾನುವಾರ ಮಗಳಿಗೆ ಮೊದಲ ಸಲ ಹೊಡೆಯಲು ಕೊಡೋಣ ಅಂತಿದ್ದೆ ಅಂದ.