"ಬೋರ್ಡ್ ಹೋಗಿದೆ" ಎಂದವರಿಗೆ ಕೂಡಲೇ ದುಡ್ಡು ಕೊಡಬೇಡಿ

ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರು ನಮ್ಮ ಕಾಸರಗೋಡಿನ ಕಡೆ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ, ದೇವಸ್ಥಾನದ ಆಮಂತ್ರಣ, ಯಕ್ಷಗಾನದ ನೋಟೀಸು ಇಂಥ ಯಂತ್ರಗಳಲ್ಲೇ ತಯಾರಾಗುತ್ತವೆ. ಮಳೆಗಾಲದಲ್ಲಿ ಒಂದು ದಿನ ಅದು ಸ್ಟಾರ್ಟ್ ಆಗುವುದಿಲ್ಲ. ಪೇಟೆಗೆ ಒಯ್ದರೆ "ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಬೇಕು" ಎನ್ನುತ್ತಾರೆ. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡ್. ನಮಗೆ ಹಾಗೇ ಆಯಿತು. ಹೋದದ್ದು ಬೋರ್ಡ್ ಅಲ್ಲವೇ ಅಲ್ಲ. ನಿಮಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ, ಮನೆಯಲ್ಲೇ ಡಿಟಿಪಿ (ಟೈಪಿಂಗ್, ಪುಟವಿನ್ಯಾಸ) ಕೆಲಸ. ಯಂತ್ರ ಕೋರ್ 2 ಡ್ಯುಯೋ, ಜಿ41 ಬೋರ್ಡ್, ವಿಂಡೋಸ್ 7. ಹಳೆಯದು ನಿಜ, ಆದರೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಲು ಅದಕ್ಕಿಂತ ಜಾಸ್ತಿ ಏನು ಬೇಕು?

ಮೊದಲು ಕೆಟ್ಟದ್ದು ಗಡಿಯಾರ. ಬೆಳಿಗ್ಗೆ ಆನ್ ಮಾಡಿದರೆ ತಾರೀಕು ಯಾವುದೋ ಹಳೇ ವರ್ಷದ ಜನವರಿ 1ಕ್ಕೆ ಹೋಗಿರುತ್ತಿತ್ತು. ಪರದೆಯಲ್ಲಿ ಚೆಕ್‌ಸಮ್ ಎರರ್ ಬರುತ್ತಿತ್ತು, ಎಫ್1 ಒತ್ತಿ ಮುಂದೆ ಹೋಗಬೇಕಿತ್ತು. ಆಟಿ ತಿಂಗಳ ಮಳೆ ಜೋರಾದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಗೋಡೆಯ ಸ್ವಿಚ್ ಹಾಕಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು. ಒಮ್ಮೆ ಸ್ಟಾರ್ಟ್ ಆದರೆ ಸಂಜೆವರೆಗೆ ಏನೂ ತಕರಾರಿಲ್ಲ. ಕೊನೆಗೊಂದು ದಿನ ಎಷ್ಟು ಕಾದರೂ ಎದ್ದೇಳಲಿಲ್ಲ.

ಪೇಟೆಯ ಅಂಗಡಿಯಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದೆ. ಅವರು ಸ್ವಿಚ್ ಒತ್ತಿ ನೋಡಿದರು, ಡಿಸ್‌ಪ್ಲೇ ಬರಲಿಲ್ಲ, ಅಷ್ಟೇ. ವೋಲ್ಟ್ ಅಳೆಯುವ ಮೀಟರ್ ಹಿಡಿಯಲಿಲ್ಲ. ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ತೆಗೆದು ನೋಡಲಿಲ್ಲ. ಬೇರೆ ಪವರ್ ಸಪ್ಲೈ (ಎಸ್‌ಎಂಪಿಎಸ್, ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) ಜೋಡಿಸಿ ನೋಡಲಿಲ್ಲ. "ಬೋರ್ಡ್ ಡೆಡ್" ಎಂದು ತೀರ್ಮಾನ ಆಗಿಯೇ ಹೋಯಿತು. ಬೇರೊಂದು ಬೋರ್ಡ್ ಹಾಕಿ, ವಿಂಡೋಸ್ ಹಾಕಿ ಕೊಟ್ಟರು. ಹೊಸದು ಎಂದು ಬಿಲ್ ಮಾಡಿದ ಆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಸುತ್ತ, ಬಿಸಿ ದಾಟಿಸಲು ಹಚ್ಚುವ ಹಳೇ ಪೇಸ್ಟ್ ಒಣಗಿ ಅಂಟಿಕೊಂಡಿತ್ತು. ನಮ್ಮ ಹಳೇ ಬೋರ್ಡನ್ನು "ಗುಜರಿಗೆ ಬಿಡಿ" ಎಂದರು. ನಾನು ಕೇಳಿ ವಾಪಸ್ ತಂದೆ. ನೀವೂ ತನ್ನಿ, ತೆಗೆದುಹಾಕಿದ ಭಾಗ ನಿಮ್ಮದೇ.

ಅಂಗಡಿಯಲ್ಲಿ ಸ್ಟಾರ್ಟ್ ಆದದ್ದು ಮನೆಯಲ್ಲಿ ಕೆಲವು ದಿನ ನಡೆಯಿತು. ಆಮೇಲೆ ಮತ್ತೆ ಅದೇ ಅರ್ಧ ಸುತ್ತು.

ಪೆರ್ಲದ ಕಡೆ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಕಂಪ್ಯೂಟರ್ ಅವರ ಕಸುಬಲ್ಲ. ಆದರೆ ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. "ಬಿಸಿಯಾದ ಮೇಲೆ ಏಳುತ್ತದೆ ಅಂದರೆ ಕೆಪಾಸಿಟರ್ ಒಣಗಿದೆ" ಎಂದು ಪೆಟ್ಟಿಗೆ ಬಿಚ್ಚುವ ಮೊದಲೇ ಹೇಳಿದರು. ಕೆಪಾಸಿಟರ್ ಎಂದರೆ ಕರೆಂಟನ್ನು ಸ್ವಲ್ಪ ಹಿಡಿದಿಟ್ಟುಕೊಂಡು ಸಮವಾಗಿ ಕೊಡುವ ಭಾಗ. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರಿನಲ್ಲಿ ನೇರಳೆ ಬಣ್ಣದ ವಯರ್ ಇರುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಅದರಲ್ಲಿ 5 ವೋಲ್ಟ್ ಇರಬೇಕು. 4.75ಕ್ಕಿಂತ ಕೆಳಗಿಳಿಯಬಾರದು. ನಮ್ಮದರಲ್ಲಿ 4.3 ತೋರಿಸಿತು. ಸ್ವಿಚ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಈ ಕರೆಂಟಿನಿಂದ. ಗೋಡೆಯ ಸ್ವಿಚ್ ಹಾಕಿದ್ದಷ್ಟು ಹೊತ್ತೂ ಪವರ್ ಸಪ್ಲೈನಲ್ಲಿ ಇದನ್ನು ಕೊಡುವ ಭಾಗ ದುಡಿಯುತ್ತಲೇ ಇರುತ್ತದೆ. ಹಾಗಾಗಿ ಅಲ್ಲಿನ ಸಣ್ಣ ಕೆಪಾಸಿಟರ್ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ತಣ್ಣಗಿದ್ದಾಗ ಕೈಕೊಡುತ್ತದೆ, ಸ್ವಲ್ಪ ಬಿಸಿಯೇರಿದರೆ ಹೇಗೋ ನಡೆಸುತ್ತದೆ. ನಾನು ಅಂಗಡಿಯಲ್ಲಿ ಹೇಳಿದ್ದೂ ಇದೇ ಲಕ್ಷಣ ಅಲ್ವಾ? ಕೇಳಿಸಿಕೊಂಡಿದ್ದರೆ ಸಾಕಿತ್ತು.

ಬೇರೆ ಎಸ್‌ಎಂಪಿಎಸ್ ಹಾಕಿ, ಗುಜರಿಗೆ ಎಂದ ಆ ಹಳೇ ಬೋರ್ಡಿಗೇ ಜೋಡಿಸಿದರು. ಮೊದಲ ಒತ್ತಿಗೇ ಡಿಸ್‌ಪ್ಲೇ ಬಂತು. ತಾರೀಕು ತಪ್ಪಿದ್ದಕ್ಕೆ ಕಾರಣ ಬೇರೆ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿತ್ತು. ಅದು 3 ವೋಲ್ಟಿನ ಸೆಲ್. ಮೀಟರಿನಲ್ಲಿ 2.8ಕ್ಕಿಂತ ಕೆಳಗೆ ಬಂದರೆ ಬದಲಿಸಿ, ಖರ್ಚು ತೀರಾ ಕಡಿಮೆ. ಗೋಡೆಯ ಸ್ವಿಚ್ ಆನ್ ಇದ್ದಾಗ ಗಡಿಯಾರ ನಡೆಯುವುದು ಆ 5 ವೋಲ್ಟಿನಿಂದ, ಪ್ಲಗ್ ಕಿತ್ತಾಗ ಮಾತ್ರ ಸೆಲ್ಲಿನಿಂದ. ಹಾಗಂತ ಗುಡುಗು ಬರುವಾಗ ಪ್ಲಗ್ ಕೀಳುವುದನ್ನು ಬಿಡಬೇಡಿ. ನಮ್ಮಲ್ಲಿ ತುಲಾ ತಿಂಗಳ ಸಿಡಿಲು ಎಂಥದ್ದು ಅಂತ ನಿಮಗೇ ಗೊತ್ತು. ಇಂಟರ್ನೆಟ್ಟಿನ ವಯರನ್ನೂ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಬೋರ್ಡ್ ಜೀವಂತ ಇದೆಯೋ ಇಲ್ಲವೋ ಎಂದು ನೋಡುವ ಒಂದು ಸುಲಭ ದಾರಿಯನ್ನು ಅವರು ತೋರಿಸಿಕೊಟ್ಟರು. ಎಲ್ಲರಿಗೂ ಗೊತ್ತಿರಬೇಕಾದ್ದು ಇದು. ಪ್ಲಗ್ ಕಿತ್ತು ರ‍್ಯಾಮ್ ಪೂರ್ತಿ ತೆಗೆಯಿರಿ. ಬೋರ್ಡಿನ ಸ್ಪೀಕರ್ ಪಿನ್ನಿಗೆ ಸಣ್ಣ ಬಜರ್ ಸಿಕ್ಕಿಸಿ ಆನ್ ಮಾಡಿ. ಬೀಪ್ ಬೀಪ್ ಎಂದು ಕೂಗಿದರೆ ಪ್ರೊಸೆಸರ್, ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಎರಡೂ ಕೆಲಸ ಮಾಡುತ್ತಿವೆ ಎಂದರ್ಥ. ರ‍್ಯಾಮ್ ಇಲ್ಲ ಎಂದು ಗೊತ್ತಾಗಿ, ಅದನ್ನು ಹೇಳುವಷ್ಟು ಬೋರ್ಡ್ ಚೆನ್ನಾಗಿದೆ. ಆಗ ಒಂದೇ ರ‍್ಯಾಮ್ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ, ಕಡಲ ಗಾಳಿ ಬೀಸುವ ಊರು ನಮ್ಮದು. ಆ ಅಂಚು ಮಂಕಾಗುವುದು ತುಂಬ ಮಾಮೂಲು.

ಬಜರ್ ಕೂಗದಿದ್ದರೂ ಬೋರ್ಡನ್ನೇ ದೂರಬೇಡಿ. ಪ್ರೊಸೆಸರಿನ ಹತ್ತಿರ ಸಿಕ್ಕಿಸುವ 4 ಪಿನ್ನಿನ ಬೇರೆ ಕನೆಕ್ಟರ್ ಸರಿಯಾಗಿ ಕೂತಿದೆಯೇ ನೋಡಿ, ಚೆನ್ನಾಗಿರುವ ಬೇರೆ ಎಸ್‌ಎಂಪಿಎಸ್ ಹಾಕಿಸಿ ನೋಡಿ. ಕಣ್ಣಿಗೆ ಕಾಣುವ ಗುರುತೂ ಇದೆ. ಬೋರ್ಡಿನ ಮೇಲೆ ಸಿಲಿಂಡರ್ ಆಕಾರದ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ ಅದು ಕೆಟ್ಟಿದೆ. 1999ರಿಂದ 2007ರ ಸುಮಾರಿಗೆ ಬಂದ ಬೋರ್ಡುಗಳಲ್ಲಿ ಇದು ದೊಡ್ಡ ಪಿಡುಗಾಗಿತ್ತು. ಹಾಗಿದ್ದರೂ ಬೋರ್ಡ್ ಎಸೆಯಬೇಕಿಲ್ಲ. ಬೆಸುಗೆ ಕೆಲಸ ಬಲ್ಲವರು ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟಿನ, 105 ಡಿಗ್ರಿಯದನ್ನು ಹಾಕಿಕೊಡುತ್ತಾರೆ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಹಾಗೇ ಉಳಿದಿರಬಹುದು. ಮಕ್ಕಳಿರುವ ಮನೆಯವರು ಇದನ್ನು ಮರೆಯಬೇಡಿ.

ದುಡ್ಡಿಗಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಬೋರ್ಡ್ ಬದಲಾದಾಗ ಹಳೇ ವಿಂಡೋಸ್ ಏಳದೆ ನೀಲಿ ಪರದೆ ಬರುವುದುಂಟು. ಅದಕ್ಕೆ ಅಂಗಡಿಯವರು ಒಂದು ಮಾತೂ ಕೇಳದೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರು. ಡೆಸ್ಕ್‌ಟಾಪಿನಲ್ಲಿ ನಮ್ಮೂರ ಕನ್ನಡ ಶಾಲೆಯ ಸ್ಮರಣ ಸಂಚಿಕೆಗೆ ಹಳೇ ವಿದ್ಯಾರ್ಥಿಗಳು ಕೈಬರಹದಲ್ಲಿ ಕೊಟ್ಟ ಲೇಖನಗಳೆಲ್ಲ ಟೈಪ್ ಆಗಿದ್ದವು. ಬರೆದವರಲ್ಲಿ ಕೆಲವರು ಈಗಿಲ್ಲ. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಒಂದಷ್ಟು ಫೈಲು ಸಿಕ್ಕಿದವು. ಆದರೆ ಅದು ಫೈಲಿನ ಹೆಸರು ಉಳಿಸುವುದಿಲ್ಲ, ಬರೀ ಅಂಕಿ ಹಾಕುತ್ತದೆ. ನುಡಿಯ ಹಳೇ ಫಾಂಟಿನ ಬರಹ ಯೂನಿಕೋಡ್ ಅಲ್ಲವಾದ್ದರಿಂದ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಂದೊಂದೇ ಫೈಲು ತೆರೆದು, ಫಾಂಟ್ ಹಾಕಿ, ಓದಿ ಗುರುತಿಸಬೇಕು. ಹಾಗೆ ಮಾಡಿದೆ. ಕೆಲವು ಲೇಖನಗಳು ಸಿಗಲೇ ಇಲ್ಲ. ಹೊಸ ವಿಂಡೋಸ್ ಅವುಗಳ ಜಾಗದಲ್ಲಿ ಕೂತುಬಿಟ್ಟಿತ್ತು. ನಿಮಗೆ ಹೀಗೇನಾದರೂ ಆದರೆ ಆ ಡಿಸ್ಕಿಗೆ ಮತ್ತೆ ಏನನ್ನೂ ಬರೆಯಬೇಡಿ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಂದಲೇ ಹುಡುಕಿ.

ಪೇಟೆಗೆ ಒಯ್ಯುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಡಿ. ಎರಡು ಕೇಬಲ್, ನಾಲ್ಕು ಸ್ಕ್ರೂ, ಅಷ್ಟೇ ಕೆಲಸ. "ಡಿಸ್ಕ್ ಇಲ್ಲದೆ ಹೇಗೆ ನೋಡುವುದು?" ಎಂದು ಅಂಗಡಿಯವರು ಕೇಳಬಹುದು. ಡಿಸ್ಕ್ ಇಲ್ಲದಿದ್ದರೂ ಬಯೋಸ್ ಪರದೆ ಬರಲೇಬೇಕು. ಸ್ಟಾರ್ಟ್ ಆಗದ ಯಂತ್ರದಲ್ಲಿ ಅವರು ನೋಡಬೇಕಾದ್ದು ಅಷ್ಟೇ.