ಜಿಪ್ಸಿಗೆ ಭೋಸರಿಯಲ್ಲಿ ಮಾಡಿಸಿದ ಸ್ಟೆಪ್ನಿ ಕ್ಯಾರಿಯರ್: ಮಳೆಗಾಲಗಳನ್ನು ದಾಟಿದ ಮೇಲೆ

ಮಾರುತಿಯ ಜಿಪ್ಸಿ ಜೀಪು ಇಟ್ಟುಕೊಂಡವರಿಗೆಲ್ಲ ಹಿಂಬಾಗಿಲಿನ ಗೋಳು ಗೊತ್ತೇ ಇದೆ. ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ನೇತಾಡುವುದು ಅದರ ಮೇಲೆಯೇ. ಮೂಲ ಅಳತೆಯ 205/70 ಟೈರ್ ಇರುವವರೆಗೆ ಹೇಗೋ ನಡೆಯುತ್ತದೆ. ಅದಕ್ಕಿಂತ ದೊಡ್ಡ 235/75 ಹಾಕಿದರೆ ಟೈರಿನ ಎತ್ತರ 668ರಿಂದ 733 ಮಿ.ಮೀ.ಗೆ ಏರುತ್ತದೆ, ತೂಕವೂ ಜೊತೆಗೇ. ತಾಮ್ಹಿಣಿ ಘಾಟಿನ ಹೊಂಡಗಳಲ್ಲಿ ಆ ಭಾರ ಕುಣಿದು ಕುಣಿದು ಹಿಂಜ್ ಜೋತುಬೀಳುತ್ತದೆ, ಬಾಗಿಲು ಹಾಕಬೇಕೆಂದರೆ ಕೈಕೊಟ್ಟು ಮೇಲೆತ್ತಬೇಕು. ಕೊನೆಗೆ ತಗಡು ಬಿರುಕು ಬಿಡುತ್ತದೆ.

ಅದಕ್ಕೇ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಬಾಗಿಲಿಗೆ ಸಂಬಂಧವೇ ಇಲ್ಲದ, ಪಕ್ಕಕ್ಕೆ ತೆರೆಯುವ ಕ್ಯಾರಿಯರ್ ಮಾಡಿಸಿದೆ. ಮೇಸ್ತ್ರಿ ವಿಜಯಪುರದ ಕಡೆಯವರು. ನಾನು ಪೈಪಿನ ದಪ್ಪದ ಬಗ್ಗೆಯೇ ಕೇಳುತ್ತಿದ್ದರೆ ಅವರು, "ಪೈಪ್ ಬಿಡ್ರಿ ಸರ, ತಿರುಗೂ ಜಾಗಾ ಗಟ್ಟಿ ಇರಬೇಕು" ಎಂದರು. ಆ ಮಾತು ನೂರಕ್ಕೆ ನೂರು ನಿಜ.

ಸ್ಟೆಪ್ನಿ ಹೊತ್ತು ಬಾಗಿಲಿನಂತೆ ತಿರುಗುವ ತೋಳು 50×50 ಮಿ.ಮೀ. ಚೌಕ ಪೈಪಿನದು, 3 ಮಿ.ಮೀ. ದಪ್ಪ. ತಿರುಗುವ ಕಡೆ ದಪ್ಪ ಸ್ಪಿಂಡಲ್ (ತೋಳು ಸುತ್ತುವ ಕಂಬಿ), ಮೇಲೊಂದು ಕೆಳಗೊಂದು ಟೇಪರ್ ರೋಲರ್ ಬೇರಿಂಗ್, ನಟ್ಟಿಗೆ ಸ್ಪ್ಲಿಟ್ ಪಿನ್, ಗ್ರೀಸ್ ನಿಪ್ಪಲ್. ಬುಡವನ್ನು ಬಂಪರಿನ ತಗಡಿಗಲ್ಲದೆ ನೇರ ಚಾಸಿಗೆ ಬೋಲ್ಟ್ ಮಾಡಿದ್ದಾರೆ. ಇವತ್ತಿಗೂ ಒಂದು ಬೆರಳಲ್ಲಿ ತಳ್ಳಿದರೆ ತೋಳು ತೆರೆದುಕೊಳ್ಳುತ್ತದೆ. ಮಾಮೂಲಿ ಗೇಟಿನ ಹಿಂಜ್ ಹಾಕಿಸಿಕೊಂಡ ಗೆಳೆಯನದ್ದು ಆಗಲೇ ಸಡಿಲವಾಗಿದೆ.

ಕಾಡಿದ್ದು ಇನ್ನೊಂದು ತುದಿ. ಅಲ್ಲಿ ಟಾಗಲ್ ಲಾಕ್, ಅಂದರೆ ಹಿಡಿ ಮಡಚಿದರೆ ಎಳೆದು ಬಿಗಿಯುವ ಕೊಕ್ಕೆ, ಹಾಕಿ ಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಲಟಲಟ ಶುರು. ಲಾಕ್ ಬಿಗಿ ಮಾಡಿದಷ್ಟೂ ಮತ್ತೆ ಸಡಿಲ. ಕಾರಣ ಸರಳ: ಮುಚ್ಚಿದಾಗ ತೋಳಿನ ತುದಿಗೆ ಕೆಳಗಿಂದ ಆಸರೆಯೇ ಇರಲಿಲ್ಲ, ಲಾಕ್ ಒಂದೇ ಭಾರ ಹೊರುತ್ತಿತ್ತು. ಆಮೇಲೆ ಬಂಪರಿನ ಮೇಲೆ ಓರೆಯಾದ ಪ್ಲೇಟ್ ಕೂರಿಸಿ ಅದಕ್ಕೆ ನೈಲಾನ್ ತುಂಡು ಹಚ್ಚಿದರು. ಈಗ ಮುಚ್ಚುವಾಗ ತೋಳು ಆ ಓರೆಯನ್ನು ತುಸು ಏರಿ ಕೂರುತ್ತದೆ, ಲಾಕ್ ಬರೀ ಎಳೆದು ಹಿಡಿಯುತ್ತದೆ. ಸದ್ದು ನಿಂತಿತು. ಇದಕ್ಕೆ ಬೇರೆ ದುಡ್ಡು ತಗೊಂಡಿದ್ದು ನನಗೆ ಸರಿ ಕಾಣಲಿಲ್ಲ.

ಪೇಂಟ್ ಸುಮಾರು. ಪ್ರೈಮರ್ ಇಲ್ಲದೆ ಕಪ್ಪು ಬಳಿದಿದ್ದರು. ಮೊದಲ ಮಳೆಗೇ ವೆಲ್ಡಿಂಗ್ ಪಕ್ಕದಿಂದ ಕೆಂಪು ನೀರು ಇಳಿಯಿತು. ಪೈಪಿನೊಳಗೆ ನಿಂತ ನೀರು ಹೋಗಲು ಅಡಿಯಲ್ಲಿ ತೂತು ಕೊರೆಸಿ, ಉಜ್ಜಿಸಿ, ಪೌಡರ್ ಕೋಟ್ ಮಾಡಿಸಿದೆ.

ದಿನನಿತ್ಯದ ಕಿರಿಕಿರಿಯೂ ಇದೆ. ಮೊದಲು ತೋಳು, ಆಮೇಲೆ ಬಾಗಿಲು. ಕೊತ್ರೂಡಿನ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಹಿಂದೆ ಬೈಕ್ ನಿಂತಿದ್ದರೆ ತರಕಾರಿ ಚೀಲ ಮುಂದಿನ ಸೀಟಿಗೇ. ಇಳಿಜಾರಿನಲ್ಲಿ ತೋಳು ತಾನಾಗಿ ಬೀಸಿ ಬರುತ್ತದೆ, ತೆರೆದಾಗ ಹಿಡಿದಿಡುವ ಪಿನ್ ಖಂಡಿತ ಹಾಕಿಸಿ. ನಂಬರ್ ಪ್ಲೇಟ್ ಟೈರಿನ ಹಿಂದೆ ಮರೆಯಾಗುವಂತಿದ್ದರೆ ದೀಪ ಸಮೇತ ತೋಳಿಗೆ ತರಬೇಕು. ತಿರುಗುವ ಕಡೆ ವೈರ್ ಸ್ವಲ್ಪ ಸಡಿಲ ಬಿಡಿಸಿ, ಇಲ್ಲದಿದ್ದರೆ ಕಿತ್ತು ಬರುತ್ತದೆ. ವಾಹನದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಒದಲ್ಲಿ ವಿಚಾರಿಸಿಯೇ ಕೈಹಾಕಿ.

ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ಮೂಲ ಅಳತೆಯ ಟೈರೇ ಸಾಕು ಎನ್ನುವವರು ಹಿಂಬಾಗಿಲಿನ ಹಿಂಜ್‌ಗೆ ಒಳಗಿಂದ ಪ್ಲೇಟ್ ಕೊಡಿಸಿಕೊಳ್ಳಿ, ಅಷ್ಟು ಸಾಕು. ದೊಡ್ಡ ಟೈರ್ ಹಾಕುವವರು ಮಾಡಿಸಿ, ಓರೆ ಪ್ಲೇಟಿನ ಲೆಕ್ಕ ಮೊದಲೇ ಕೊಟೇಶನ್ನಿನಲ್ಲಿ ಬರೆಸಿಕೊಂಡು.